ಹಳ್ಳದ ನೀರು ಅಳೆಯೋ ಮಕ್ಕಳ ಬೆನ್ನಿಗೆ ಯೂನಿವರ್ಸಿಟಿ ನಿಲ್ಬೇಕು

ಮೂಡಿಗೆರೆ ಕಡೆ ಡಿಸೆಂಬರ್, ಜನವರಿಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ಜೋರಾದ್ರೆ ಕೆಲವು ಹಳ್ಳಗಳ ಹತ್ರ ಹುಳಿ ವಾಸನೆ, ನೀರೆಲ್ಲ ಕಂದು. ಸಿಪ್ಪೆ ಬಿಡಿಸೋ ಯಂತ್ರ, ಅಂದ್ರೆ ಪಲ್ಪರ್‌ನಿಂದ ಬರೋ ನೀರಲ್ಲಿರೋ ಸಕ್ಕರೆ, ಲೋಳೆ ಹುಳಿತು ಪಿಎಚ್ (ಹುಳಿ ಅಳೆಯೋ ಲೆಕ್ಕ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ) 4ರ ಹತ್ರಕ್ಕೆ ಇಳಿಯತ್ತೆ, ಅದನ್ನ ತಿನ್ನೋ ಬ್ಯಾಕ್ಟೀರಿಯಾಗಳು ನೀರಲ್ಲಿ ಕರಗಿರೋ ಆಕ್ಸಿಜನ್ ಖಾಲಿ ಮಾಡ್ತವೆ, ಮೀನು ಸಾಯ್ತವೆ. ಊರಿನ ಮಕ್ಕಳಿಗೆ ಈ ಹಳ್ಳ ಚೆನ್ನಾಗಿ ಗೊತ್ತು, ಆದ್ರೆ ಪೌರನೀತಿ ಪಾಠ ಅಂದ್ರೆ ಪಂಚಾಯ್ತಿ ಅವಧಿ ಎಷ್ಟು ವರ್ಷ ಅಂತ ಬಾಯಿಪಾಠ ಮಾಡೋದು ಅಷ್ಟೇ.

ಇವೆರಡನ್ನೂ ಸೇರಿಸೋ ದಾರಿ ಇದೆ. ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿಲಿ 1965ರಲ್ಲಿ ಬೇರೆ ಬೇರೆ ವಿಭಾಗದವರ ಸಮಿತಿಯಾಗಿ ಹುಟ್ಟಿದ ಸೆಂಟರ್ ಫಾರ್ ಸಿವಿಕ್ ಎಜುಕೇಷನ್, ಮುಂದೆ ಪ್ರಾಜೆಕ್ಟ್ ಸಿಟಿಜನ್ ಅನ್ನೋ ಕ್ರಮ ತಂತು. ಇಡೀ ಕ್ಲಾಸು ಸೇರಿ ಊರಿನ ಒಂದು ಸಮಸ್ಯೆ ಆರಿಸ್ಕೊಂಡು, ಮಾಹಿತಿ ಹುಡುಕಿ, ಬೇರೆ ಬೇರೆ ಪರಿಹಾರ ತೂಗಿ ನೋಡಿ, ತಮ್ಮದೊಂದು ನೀತಿ ಬರೆದು, ಅದು ಜಾರಿಯಾಗೋಕೆ ಯಾರನ್ನ ಕೇಳ್ಬೇಕು ಅಂತ ಪ್ಲಾನ್ ಮಾಡಿ ದೊಡ್ಡವರ ಮುಂದೆ ಮಂಡಿಸತ್ತೆ.

ನನ್ನ ಪ್ರಕಾರ ಇದು ಗೆಲ್ಲೋದು ಸೋಲೋದು ಮಾಹಿತಿ ತರೋ ಹಂತದಲ್ಲೇ. ಹಳ್ಳ ಗಬ್ಬು ನಾರ್ತಿದೆ ಸಾರ್ ಅಂದ್ರೆ ಪಿಡಿಒ ತಲೆಯಾಡಿಸಿ ಕಳಿಸ್ತಾರೆ. ಅದೇ ಮಕ್ಕಳು ಪಲ್ಪರ್ ನೀರು ಸೇರೋ ಜಾಗದಿಂದ ಮೇಲೊಂದು ಕೆಳಗೊಂದು ಬಾಟಲಿ ಒಂದೇ ಹೊತ್ತಲ್ಲಿ ತುಂಬಿ, ಬಾಟಲಿ ಮೇಲೆ ಜಾಗ, ತಾರೀಖು, ಟೈಮ್ ಬರೆದು, ಪಿಎಚ್ ಪಟ್ಟಿ ಅದ್ದಿ ಬಣ್ಣ ಹೋಲಿಸಿ ಬುಕ್ಕಲ್ಲಿ ಬರ್ಕೊಂಡು ಬಂದ್ರೆ ಮಾತೇ ಬೇರೆ. ಮೇಲಿನ ಬಾಟಲಿನೂ ಹುಳಿ ಬಂದ್ರೆ ತಪ್ಪು ಇನ್ನೂ ಮೇಲೆಲ್ಲೋ ಇದೆ, ಈ ತೋಟದವ್ರನ್ನ ಸುಮ್ಮನೆ ದೂರಬಾರದು ಅಂತಲೂ ಅಲ್ಲೇ ಕಲೀತಾರೆ. ಪೌರತ್ವ ಅಂದ್ರೆ ಇದೂ ಹೌದಲ್ವಾ.

ಇದನ್ನೆಲ್ಲ ಹೈಸ್ಕೂಲ್ ಮೇಷ್ಟ್ರು ಒಬ್ರೇ ಮಾಡೋಕಾಗಲ್ಲ, ಅವರಿಗೆ ಮೊದಲು ಟ್ರೈನಿಂಗ್ ಬೇಕು, ಮಕ್ಕಳ ಲೆಕ್ಕ ಸರಿ ಇದ್ಯಾ ಅಂತ ಲ್ಯಾಬಲ್ಲಿ ಮತ್ತೆ ಪರೀಕ್ಷೆ ಮಾಡೋರು ಬೇಕು, ಸುಣ್ಣ ಹಾಕಿ ಹುಳಿ ತಗ್ಗಿಸೋದು, ನೀರನ್ನ ಹಳ್ಳಕ್ಕೆ ಬಿಡದೆ ತೊಟ್ಟೀಲಿ ನಿಲ್ಲಿಸೋದು ಇದ್ರಲ್ಲಿ ಯಾವುದು ಸಣ್ಣ ಬೆಳೆಗಾರರಿಗೆ ಕೈಗೆಟುಕತ್ತೆ ಅಂತ ಹೇಳೋರು ಬೇಕು. ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಸಂಸ್ಥೆ ಇದೆ, ಮೂಡಿಗೆರೇಲೇ ಯೂನಿವರ್ಸಿಟಿಯ ತೋಟಗಾರಿಕೆ ಕಾಲೇಜಿದೆ, ಜ್ಞಾನ ದೂರ ಇಲ್ಲ.

ಇನ್ನೊಂದು ತೊಡಕು. ಮಕ್ಕಳು ತಮ್ಮ ಅಹವಾಲನ್ನ ಪಂಚಾಯ್ತಿ ಮುಂದಿಡೋ ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರ್ ಆಸುಪಾಸಲ್ಲಿ ನಡೆಯತ್ತೆ, ಹಳ್ಳ ಕೆಡೋದು ಅದಾದ ಮೇಲೆ. ಹಾಗಾಗಿ ಈ ಸೀಸನ್ನಿನ ಅಳತೆ ಮುಂದಿನ ವರ್ಷದ ಸಭೆಗೆ ಬೇಕು, ಅಷ್ಟೊತ್ತಿಗೆ ಅಳೆದ ಹತ್ತನೇ ಕ್ಲಾಸಿನೋರು ಪಾಸಾಗಿ ಹೋಗಿರ್ತಾರೆ. ಆ ಬುಕ್ಕನ್ನ ವರ್ಷದಿಂದ ವರ್ಷಕ್ಕೆ ಜೋಪಾನ ಮಾಡಿ, ಹೊಸ ಬ್ಯಾಚಿಗೆ ಕೊಟ್ಟು ಮುಂದುವರ್ಸೋ ಜವಾಬ್ದಾರಿನ ಆ ತೋಟಗಾರಿಕೆ ಕಾಲೇಜಿನ ಸಂಶೋಧನಾ ಕೇಂದ್ರವೇ ಹೊರಬೇಕು.