ತಂತಿಗೆ ಆಸರೆ ಯಾವುದು? ಗಾಳಿಪಟದಿಂದ ಡ್ರೋನ್‌ವರೆಗೆ ಹವ್ಯಾಸಿ ರೇಡಿಯೊದ ಒಂದು ಹಳೆಯ ತೊಡಕು

ಕೋಲಾರದ ಯಾವುದೇ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ಇಪ್ಪತ್ತಾರನೇ ಗೇಜಿನ ಎನಾಮಲ್ ತಂತಿ ಕೇಳಿದರೆ, ಎಷ್ಟು ಎಚ್‌ಪಿ ಮೋಟಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. ಮೋಟಾರಿಗಲ್ಲ, ಆಂಟೆನಾಕ್ಕೆ, ಡ್ರೋನ್‌ಗೆ ಕಟ್ಟಿ ಮೇಲಕ್ಕೆತ್ತಬೇಕು ಎಂದಾಗ ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತಿ ನನ್ನನ್ನೊಮ್ಮೆ ನೋಡಿ, ಮರುಮಾತಿಲ್ಲದೆ ಅರವತ್ತು ಗ್ರಾಂ ತೂಗಿ ಕೊಟ್ಟರು. ಆ ಅರವತ್ತು ಗ್ರಾಂ ತಾಮ್ರವನ್ನು ಬಿಚ್ಚಿ ಎಳೆದರೆ ಸುಮಾರು ನಲವತ್ತು ಮೀಟರ್ ಆಗುತ್ತದೆ. ಸ್ವಂತ ಆಸಕ್ತಿಯಿಂದ ರೇಡಿಯೊ ಸಂಕೇತ ಕಳುಹಿಸಿ ಕೇಳುವ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಇಂಥ ತಂತಿಯನ್ನು ನೆಟ್ಟಗೆ ನಿಲ್ಲಿಸುವುದಕ್ಕೆ ಪಟ್ಟಿರುವ ಪಾಡಿಗೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಅಷ್ಟು ಉದ್ದ ಏಕೆ ಬೇಕೆಂದರೆ, ‘ಟಾಪ್ ಬ್ಯಾಂಡ್’ ಎಂದು ಕರೆಯುವ 160 ಮೀಟರ್ ಬ್ಯಾಂಡಿನಲ್ಲಿ, ಅಂದರೆ 1.8 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ನೆಟ್ಟಗೆ ನಿಲ್ಲುವ ಆಂಟೆನಾ ತರಂಗದ ಕಾಲು ಭಾಗದಷ್ಟು ಉದ್ದವಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಕಾಲು ಭಾಗವೇ ಸುಮಾರು 39 ಮೀಟರ್. ತಿಪಟೂರು ಕಡೆಯ ಹಳೆಯ ತೆಂಗಿನ ಮರವೂ ಇದರ ಅರ್ಧಕ್ಕೆ ಬಂದರೆ ಹೆಚ್ಚು. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವವರಿಗೆ ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ತಂತಿ ಎಳೆದರೆ ಸಾಕು, ಕಾಯಿ ಕೀಳಲು ಮರ ಹತ್ತಿದವರೇ ಅದನ್ನು ಕಟ್ಟಿ ಇಳಿಯುತ್ತಾರೆ. ಟಾಪ್ ಬ್ಯಾಂಡಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಹಾಗಾದರೆ 1,478 ಮೀಟರ್ ಎತ್ತರದ ನಂದಿಬೆಟ್ಟವೋ ಮಧುಗಿರಿಯ ಏಕಶಿಲೆಯೋ ಪಕ್ಕದಲ್ಲೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಬೆಟ್ಟದ ಎತ್ತರ, ತೀರ ಕಿರಿದಾದ ತರಂಗ ಬಳಸುವ ವಿಎಚ್‌ಎಫ್ ಸೆಟ್ಟಿಗೆ ವರವೇ ಸರಿ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ತಂತಿಯ ಸ್ವಂತ ಉದ್ದ ಮತ್ತು ಅದರ ಬುಡದ ನೆಲ. ಬುಡದಲ್ಲಿ ಬರೀ ಬಂಡೆಯಿದ್ದರೆ ಅದು ಅನುಕೂಲಕ್ಕಿಂತ ತೊಂದರೆಯೇ.

ಈ ತೊಡಕಿನ ಮೊದಲ ದೊಡ್ಡ ಪ್ರಸಂಗ 1901ರದು. ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಲು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಲ್ಲಿ ಇಪ್ಪತ್ತು ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದ. ಸೆಪ್ಟೆಂಬರ್‌ನ ಬಿರುಗಾಳಿಗೆ ಅವು ಉರುಳಿದವು. ಅಮೆರಿಕದ ಕೇಪ್ ಕಾಡ್‌ನ ಕಂಬಗಳಿಗೂ ಕೆಲವು ವಾರಗಳಲ್ಲಿ ಅದೇ ಗತಿಯಾಯಿತು. ಪೋಲ್ಡುವಿನಲ್ಲಿ ಎರಡೇ ಕಂಬಗಳ ನಡುವೆ ಬೀಸಣಿಗೆಯಂತೆ ತಂತಿಗಳನ್ನು ಇಳಿಬಿಟ್ಟು ಕೆಲಸ ಸಾಗಿಸಿದ ಆತ, ಸಂಕೇತ ಕೇಳಲು ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ಗೆ ಹೋದಾಗ ಕಂಬದ ಗೊಡವೆಯನ್ನೇ ಬಿಟ್ಟು ಬಲೂನು ಮತ್ತು ಗಾಳಿಪಟಗಳನ್ನು ಜೊತೆಗೊಯ್ದ. ಬಲೂನು ಕಿತ್ತುಕೊಂಡು ಹೋಯಿತು, ಒಂದು ಗಾಳಿಪಟವೂ ಹೋಯಿತು. ಕೊನೆಗೆ ಡಿಸೆಂಬರ್ 12ರಂದು ಸುಮಾರು 150 ಮೀಟರ್ ತಂತಿಯನ್ನು ಹೊತ್ತು ನಿಂತ ಮತ್ತೊಂದು ಗಾಳಿಪಟದ ಕೆಳಗೆ ಕುಳಿತು, ಮೋರ್ಸ್‌ನ ‘ಎಸ್’ ಅಕ್ಷರದ ಮೂರು ಚುಕ್ಕೆಗಳನ್ನು ಕೇಳಿದೆನೆಂದು ಆತ ಹೇಳಿಕೊಂಡ. ಹಗಲು ಹೊತ್ತಿನಲ್ಲಿ ಅಷ್ಟು ದೂರದ ಸಂಕೇತ ನಿಜಕ್ಕೂ ಕೇಳಿಸಿತೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ನನ್ನ ಮಟ್ಟಿಗೆ ಆ ದಿನದ ಮುಖ್ಯ ಪಾಠ ಬೇರೆಯದೇ. ಗಾಳಿಪಟ ಏರಿಳಿದಂತೆಲ್ಲ ತಂತಿಗೂ ನೆಲಕ್ಕೂ ನಡುವಿನ ವಿದ್ಯುತ್ ಧಾರಕತೆ (ಕೆಪಾಸಿಟೆನ್ಸ್) ಬದಲಾಗುತ್ತಿತ್ತು. ಹಾಗಾಗಿ ಮಾರ್ಕೋನಿ ನೆಚ್ಚಿಕೊಂಡಿದ್ದ ಶ್ರುತಿಗೊಳಿಸಿದ ಗ್ರಾಹಕ (ರಿಸೀವರ್) ಕೆಲಸಕ್ಕೆ ಬಾರದೆ, ಶ್ರುತಿಯಿಲ್ಲದ ಪಾದರಸದ ಸಾಧನಕ್ಕೆ ಟೆಲಿಫೋನ್ ಜೋಡಿಸಿ ಕೇಳಬೇಕಾಯಿತು. (ಆ ಸಾಧನಕ್ಕೂ ಜಗದೀಶಚಂದ್ರ ಬೋಸರು 1899ರಲ್ಲಿ ವಿವರಿಸಿದ್ದ ಕಬ್ಬಿಣ-ಪಾದರಸದ ಸಾಧನಕ್ಕೂ ಇರುವ ನಂಟು ಇನ್ನೊಂದು ದೊಡ್ಡ ಚರ್ಚೆ.) ಇದರ ಸಣ್ಣ ರೂಪವನ್ನು ನಾನೂ ಕಂಡಿದ್ದೇನೆ. ಒಂದು ಆಷಾಢದಲ್ಲಿ ಬತ್ತಿದ ಕೆರೆಯಂಗಳದಲ್ಲಿ ದೊಡ್ಡ ಗಾಳಿಪಟಕ್ಕೆ ಸೂತ್ರ ಕಟ್ಟಿ, ಬಾಲಂಗೋಚಿಯ ಜೊತೆಗೆ ತಂತಿಯನ್ನೂ ಏರಿಸಿದೆವು. ಗಾಳಿಪಟ ಒಮ್ಮೆ ತಲೆ ಬಾಗಿಸಿದರೆ ಕೆಳಗೆ, ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆಯೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಒಂದೂವರೆಯಿಂದ ಮೂರಕ್ಕೆ ಹಾರುತ್ತಿತ್ತು. ಟ್ಯೂನರಿನ ಗುಂಡಿ ತಿರುಗಿಸಿ ಸರಿಮಾಡುವಷ್ಟರಲ್ಲಿ ಅದು ಮತ್ತೆ ನೆಟ್ಟಗಾಗಿ ಮುಳ್ಳು ಇನ್ನೊಂದು ಕಡೆಗೆ ಓಡುತ್ತಿತ್ತು. ಆ ಸಂಜೆ ನಾವು ಒಂದು ಕರೆಸಂಕೇತವನ್ನೂ ಪೂರ್ತಿಯಾಗಿ ಕಳುಹಿಸಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ವಿಮಾನ ಸಿಬ್ಬಂದಿಗೆ ಕೊಡುತ್ತಿದ್ದ, ಕೈಯಿಂದ ತಿರುಗಿಸುವ ‘ಗಿಬ್ಸನ್ ಗರ್ಲ್’ ಟ್ರಾನ್ಸ್‌ಮಿಟರ್ 500 ಕಿಲೋಹರ್ಟ್ಸ್‌ನಲ್ಲಿ ಅಪಾಯದ ಕರೆ ಕಳುಹಿಸುತ್ತಿತ್ತು. ಅದರ ಜೊತೆಗೆ ತಂತಿ ಎತ್ತಲು ಪೆಟ್ಟಿಗೆಯಾಕಾರದ ಗಾಳಿಪಟವನ್ನೂ, ಗಾಳಿಯಿಲ್ಲದಿದ್ದರೆ ಇರಲೆಂದು ಬಲೂನನ್ನೂ ಇಡುತ್ತಿದ್ದರು. ಹವ್ಯಾಸಿಗಳಾದರೋ ಅಷ್ಟು ಹೊತ್ತಿಗೆ ಎತ್ತರದ ಚಿಂತೆಯನ್ನೇ ಮರೆತಿದ್ದರು. ಅಮೆರಿಕದ 1912ರ ಕಾನೂನು ಅವರನ್ನು ಯಾರಿಗೂ ಬೇಡವೆನಿಸಿದ್ದ, 200 ಮೀಟರ್‌ಗಿಂತ ಕಿರಿದಾದ ತರಂಗಗಳಿಗೆ ತಳ್ಳಿತ್ತು. 1923ರ ನವೆಂಬರ್‌ನಲ್ಲಿ ಸುಮಾರು 110 ಮೀಟರ್ ತರಂಗದಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಸಾಗರದಾಚೆಗೆ ಪರಸ್ಪರ ಮಾತಾಡಿಕೊಂಡ ಮೇಲೆ, ಕಿರುತರಂಗಕ್ಕೆ ಮನೆಯ ಚಾವಣಿಯೇ ಸಾಕೆಂಬುದು ಎಲ್ಲರಿಗೂ ಗೊತ್ತಾಯಿತು.

ಮರೆತ ಚಿಂತೆ ಮರಳಿದ್ದು ತೀರ ಈಚೆಗೆ. 2007ರ ಜಾಗತಿಕ ರೇಡಿಯೊ ಸಮ್ಮೇಳನ 136 ಕಿಲೋಹರ್ಟ್ಸ್ ಆಸುಪಾಸಿನ ಕಿರಿದಾದ ಪಟ್ಟಿಯನ್ನೂ, 2012ರದು 472ರಿಂದ 479 ಕಿಲೋಹರ್ಟ್ಸ್‌ವರೆಗಿನದನ್ನೂ ಹವ್ಯಾಸಿಗಳಿಗೆಂದು ಗುರುತಿಸಿದವು. ಮೊದಲನೆಯದರಲ್ಲಿ ತರಂಗದ ಕಾಲು ಭಾಗವೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು! 2008ರಲ್ಲಿ ಬಂದ ಡಬ್ಲ್ಯುಎಸ್‌ಪಿಆರ್ ಎಂಬ ಕಂಪ್ಯೂಟರ್ ನೆರವಿನ ಸಂವಹನ ವಿಧಾನದಲ್ಲಿ ಒಂದು ಪುಟ್ಟ ಸಂದೇಶ ಎರಡು ನಿಮಿಷದೊಳಗೆ ಮುಗಿಯುತ್ತದೆ. ಅಂಥದ್ದೇ ಇನ್ನೊಂದು ವಿಧಾನವಾದ 2017ರ ಎಫ್‌ಟಿ8ನಲ್ಲಿ ಒಂದು ಸರದಿಗೆ ಹದಿನೈದು ಸೆಕೆಂಡು. ತಂತಿ ಇಪ್ಪತ್ತು ನಿಮಿಷ ಮೇಲೆ ನಿಂತರೂ ಪ್ರಯೋಗ ನಡೆಯುವ ಕಾಲ ಬಂದಿದ್ದು ಹೀಗೆ. ಅದೇ ವರ್ಷಗಳಲ್ಲಿ ಜಿಪಿಎಸ್ ನೆರವಿನಿಂದ ಇದ್ದಲ್ಲೇ ನಿಲ್ಲಬಲ್ಲ ನಾಲ್ಕು ರೆಕ್ಕೆಯ ಡ್ರೋನ್‌ಗಳೂ ಕೈಗೆಟಕಿದವು. ಸಿಗ್ನಲ್ ಹಿಲ್‌ನಲ್ಲಿ ಗಾಳಿಪಟ ಕೊಡಲಾರದ್ದನ್ನು, ಅಂದರೆ ಅಲುಗದ ಎತ್ತರವನ್ನು, ಇವು ಕೊಟ್ಟವು.

ನಮ್ಮಲ್ಲಿ ಮಾತ್ರ ಇದು ತಡವಾಯಿತು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಡ್ರೋನ್ ಹಾರಾಟವನ್ನೇ ತಡೆದಿತ್ತು. 2018ರ ಡಿಸೆಂಬರ್‌ನಲ್ಲಿ ಬಾಗಿಲು ಅರೆಬರೆ ತೆರೆಯಿತು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು ದಾರಿಯನ್ನು ಸಾಕಷ್ಟು ಸುಗಮಗೊಳಿಸಿದವು. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ, ಮುಂಗಡ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ದೇವನಹಳ್ಳಿಗೆ ಮಗ್ಗುಲಾಗಿರುವ ಚಿಕ್ಕಬಳ್ಳಾಪುರದವರೂ, ಹೆಲಿಕಾಪ್ಟರ್ ಕಾರ್ಖಾನೆ ಬಂದಿರುವ ಗುಬ್ಬಿ ತಾಲ್ಲೂಕಿನವರೂ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಡ್ರೋನ್ ಏರಿಸಬಾರದು. ತೂಕದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. 250 ಗ್ರಾಂ ಒಳಗಿನದು ‘ನ್ಯಾನೊ’ ಎನಿಸಿಕೊಳ್ಳುತ್ತದೆಯಾದರೂ ಆ ಲೆಕ್ಕಕ್ಕೆ ಹೊರೆಯೂ ಸೇರುವುದರಿಂದ, 249 ಗ್ರಾಂನ ಆಟಿಕೆಗೆ ನಮ್ಮ ಅರವತ್ತು ಗ್ರಾಂ ತಂತಿ ಕಟ್ಟಿದ ಕ್ಷಣವೇ ಅದು ‘ಮೈಕ್ರೊ’ ವರ್ಗಕ್ಕೆ ಏರುತ್ತದೆ. ಇನ್ನು ಗಾಳಿಪಟಕ್ಕೆ ಕಾನೂನಿನ ಕಾಟವಿಲ್ಲ ಎಂದುಕೊಂಡವರು 2024ರ ಕೊನೆಯವರೆಗೆ ಜಾರಿಯಲ್ಲಿದ್ದ 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯನ್ನು ನೋಡಬೇಕು. ಅದರಲ್ಲಿ ಗಾಳಿಪಟವೂ ವಿಮಾನವೇ ಆಗಿತ್ತು.

ತಂತಿಯನ್ನು ಡ್ರೋನ್‌ಗೆ ನೇರವಾಗಿ ಕಟ್ಟುವುದು ಹೊಸಬರು ಮಾಡುವ ತಪ್ಪು. ಕಾಲುತರಂಗದ ತಂತಿಯ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು. ಅದು ಡ್ರೋನ್‌ನ ದಿಕ್ಸೂಚಿಯನ್ನೂ ಜಿಪಿಎಸ್ಸನ್ನೂ ದಿಕ್ಕೆಡಿಸಬಹುದು. ಡ್ರೋನ್‌ನ ಮೋಟಾರು ನಿಯಂತ್ರಕಗಳ ಗುರುಗುಟ್ಟುವಿಕೆಯೂ ತಂತಿಯಲ್ಲಿಳಿದು ಗ್ರಾಹಕವನ್ನು ತುಂಬುತ್ತದೆ. ನಡುವೆ ನಾಲ್ಕೈದು ಮೀಟರ್ ನೈಲಾನ್ ದಾರ ಬಿಟ್ಟರೆ ಎರಡೂ ತಕ್ಕಮಟ್ಟಿಗೆ ತಗ್ಗುತ್ತವೆ. ಆ ದಾರದಲ್ಲಿ ಬೇಕೆಂದೇ ಒಂದು ದುರ್ಬಲ ಎಳೆಯಿರಬೇಕು. ತಂತಿ ಮುಳ್ಳುಕಂಟಿಗೆ ಸಿಕ್ಕಿಕೊಂಡರೆ ಅದು ಹರಿದು ಡ್ರೋನ್ ಉಳಿಯುತ್ತದೆ. ಮೋಡವಿಲ್ಲದ ದಿನವೂ ವಾತಾವರಣದಲ್ಲಿ ಮೀಟರಿಗೆ ನೂರು ವೋಲ್ಟ್ ಆಸುಪಾಸಿನ ಕ್ಷೇತ್ರವಿರುವುದರಿಂದ, ಬುಡದಿಂದ ನೆಲಕ್ಕೆ ದೊಡ್ಡ ಮೌಲ್ಯದ ರೆಸಿಸ್ಟರ್ ಜೋಡಿಸಿ ತಂತಿಯ ಮೇಲೆ ಕೂಡುವ ವಿದ್ಯುದಾವೇಶವನ್ನು ಹರಿಯಬಿಡಬೇಕು. ನಾನು ಒಮ್ಮೆ ಮರೆತಿದ್ದೆ, ಬೆರಳು ನೆನಪಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಹೊಲದ ಬೋರ್‌ವೆಲ್‌ಗಳಿಗೆ ಹೋಗುವ 11 ಕೆವಿ ಲೈನು ಕಣ್ಣಿಗೆ ಬೀಳುವ ಕಡೆ ಡ್ರೋನನ್ನು ಚೀಲದಿಂದಲೇ ತೆಗೆಯಬಾರದು. ತಾಮ್ರದ ತಂತಿ ಅದರ ಮೇಲೆ ಬಿದ್ದರೆ ಸಾಯುವುದು ಬುಡದಲ್ಲಿ ಕುಳಿತವರು.

ಎತ್ತರ ದಕ್ಕಿದ ಮೇಲೂ ಅರ್ಧ ಕೆಲಸ ಕಾಲಡಿಯಲ್ಲೇ ಉಳಿಯುತ್ತದೆ. ನೆಟ್ಟಗಿನ ತಂತಿಗೆ ಭೂಮಿಯೇ ಇನ್ನೊಂದು ಅರ್ಧ. ಕೋಲಾರದ ಒಣ ಕೆಂಪು ಮಣ್ಣು, ಅದರಡಿಯ ಬಂಡೆ ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ. ಅದಕ್ಕಾಗಿ ಬುಡದಿಂದ ಸುತ್ತಲೂ ಹತ್ತಾರು ತಂತಿಗಳನ್ನು ಚಕ್ರದ ಅರೆಕಾಲುಗಳಂತೆ ಹರಡಬೇಕು, ಮೇಕೆಗಳು ಎಡವದಂತೆ ಕಾಯಬೇಕು. ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ 34.5 ಮೆಗಾಹರ್ಟ್ಸ್‌ಗೆಂದು ಡೈಪೋಲ್ ಎಂಬ ಸರಳ ಆಂಟೆನಾಗಳನ್ನು ಸಾವಿರದಷ್ಟು ಇಂಗ್ಲಿಷಿನ ‘ಟಿ’ ಆಕಾರದಲ್ಲಿ, ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಹರಡಿ ನಿಲ್ಲಿಸಿದ್ದರು. ನೆತ್ತಿಯ ಮೇಲಿನ ಆಕಾಶ ನೋಡುವವರಿಗೆ ಎತ್ತರ ಬೇಡ, ಹರವು ಬೇಕು. ದಿಗಂತದಾಚೆಗೆ ಕೂಗು ಹಾಕುವ ನಮಗೆ ಎತ್ತರವೂ ಬೇಕು, ನೆಲವೂ ಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ತುಂಬಿದ ಕೋಲಾರದ ಕೆರೆಗಳ ಅಂಚಿನ ಒದ್ದೆ ಮಣ್ಣು ಈ ದೃಷ್ಟಿಯಿಂದ ನಮಗೆ ಒದಗಿಬಂದ ಭಾಗ್ಯ. ನೀರಿನ ಗುಣಮಟ್ಟದ ತಕರಾರು ಬೇರೆ ಮಾತು.

ಅಲ್ಲಿ ಡ್ರೋನ್ ತೆಗೆದರೆ, “ಸರ್ವೆಗೆ ಬಂದಿದ್ದೀರಾ ಸಾರ್? ನಮ್ಮ ಸೈಟೂ ಸೇರಿಸ್ಕೊಳ್ಳಿ” ಎನ್ನುತ್ತಾ ಯಾರಾದರೂ ಬರುತ್ತಾರೆ. ಗ್ರಾಮಠಾಣೆಯ ಡ್ರೋನ್ ಸರ್ವೆ ನೋಡಿದವರಿಗೆ ಬೇರೇನೂ ತೋಚುವುದಿಲ್ಲ. ಹೆಡ್‌ಫೋನ್ ಕಿವಿಗಿಟ್ಟು ಮೋರ್ಸ್ ಕೇಳಿಸಿದರೆ ನಂಬುತ್ತಾರೆ, ಕಾಲು ಗಂಟೆ ನಿಲ್ಲುತ್ತಾರೆ.

ಗಾಳಿಪಟದ ಪಂಚಾಂಗವೂ ಡ್ರೋನ್‌ನ ಪಂಚಾಂಗವೂ ತದ್ವಿರುದ್ಧ. ಆಷಾಢದ ಗಾಳಿಯಲ್ಲಿ ಡ್ರೋನ್ ಬ್ಯಾಟರಿ ನಿಮಿಷಗಳಲ್ಲಿ ಬಸಿದುಹೋಗುತ್ತದೆ. ಯುಗಾದಿ ಕಳೆದ ಮೇಲೆ ಗುಡುಗು ಮಿಂಚಿನ ಭಯದಿಂದ ಯಾರೂ ತಂತಿ ಎತ್ತಬಾರದು. ಉಳಿಯುವುದು ಚಳಿಗಾಲದ ನಿಶ್ಚಲ ಬೆಳಗು. ಟಾಪ್ ಬ್ಯಾಂಡಿನ ದೂರದ ಸಂಕೇತಗಳು ಕತ್ತಲಲ್ಲಿ ಬಂದು, ಸೂರ್ಯೋದಯದ ಹೊತ್ತಿಗೆ ಒಮ್ಮೆ ಗಟ್ಟಿಯಾಗಿ ಏರಿ ಮಾಯವಾಗುತ್ತವೆ. ಜನವರಿಯಲ್ಲಿ ಕೋಲಾರದ ಸೂರ್ಯೋದಯ 6.45ರ ಆಸುಪಾಸು. ಡ್ರೋನ್ ಕಣ್ಣಿಗೆ ಕಾಣುವಷ್ಟು ಬೆಳಕು ಬಂದ ಕೂಡಲೇ, 6.30ಕ್ಕೆ, ಮೇಲೇರಿಸಿದರೆ ಇಪ್ಪತ್ತು ನಿಮಿಷದ ಬ್ಯಾಟರಿ ಸರಿಯಾಗಿ ಆ ಏರಿಕೆಯವರೆಗೆ ಸಾಲುತ್ತದೆ.