ಹಸಿ ಅಡಿಕೆ ಸಿಪ್ಪೆಯಿಂದ ಇಂಧನ: ಮೊದಲು ನೀರಿನ ಲೆಕ್ಕ ನೋಡಿ

ಬಯೋಮಾಸ್ ಘಟಕ, ಅಂದರೆ ಕೃಷಿ ತ್ಯಾಜ್ಯದಿಂದ ಇಂಧನ ಮಾಡುವ ಘಟಕ, ಹಾಕಬೇಕು ಅಂತ ಬರುವವರು ಮೊದಲು ಕೇಳುವುದು ಯಂತ್ರದ ರೇಟು. ನಾನು ಕೇಳುವುದು ಬೇರೆ: ನಿಮ್ಮ ಕಚ್ಚಾ ಮಾಲು ಎಷ್ಟು ಹಸಿ ಇದೆ?

ಒಣ ಮಾಲಿಗೆ ದಾರಿ ಗೊತ್ತೇ ಇದೆ. ಶೇಂಗಾ ಸಿಪ್ಪೆ, ಒಣಗಿದ ಮರದ ಪುಡಿ, ಕಾಫಿ ಹೊಟ್ಟು ಇವನ್ನೆಲ್ಲ ಒತ್ತಿ ಬ್ರಿಕೆಟ್ (ಉರಿಸುವ ಗಟ್ಟಿ ಉಂಡೆ) ಮಾಡಿ ಮಾರಬಹುದು. ತಲೆನೋವು ಹಸಿ ಮಾಲಿನದ್ದು. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿಯುವ ಕಾಲ ಬಂತು ಅಂದರೆ ಸಿಪ್ಪೆ ರಸ್ತೆ ಬದಿಯಲ್ಲಿ ಗುಡ್ಡೆ ಬೀಳುತ್ತದೆ. ಅರ್ಧಂಬರ್ಧ ಒಣಗಿದ ಮೇಲೆ ಯಾರೋ ಬೆಂಕಿ ಹಾಕುತ್ತಾರೆ. ಅದು ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಚನ್ನಗಿರಿ ಕಡೆ ಸಂಜೆ ಹೊತ್ತು ಬೈಕಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ಮಾಲಿಗೆ ಈಗ ಜಾಸ್ತಿ ಕೇಳಿಬರುತ್ತಿರುವುದು ಹೈಡ್ರೋಥರ್ಮಲ್ ಕಾರ್ಬನೈಸೇಶನ್, ಚಿಕ್ಕದಾಗಿ ಎಚ್‌ಟಿಸಿ. ಅಂದರೆ ಹಸಿ ಮಾಲನ್ನು ಬಿಸಿನೀರಿನಲ್ಲೇ ಬೇಯಿಸಿ ಇದ್ದಿಲಿನಂಥ ಇಂಧನ ಮಾಡುವುದು. ವಿಷಯ ಹೊಸದೇನಲ್ಲ. ಜರ್ಮನಿಯ ಫ್ರೆಡ್ರಿಕ್ ಬೆರ್ಗಿಯಸ್ 1913ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದರು. ಸ್ಪೇನಿನ ವೆಲೆನ್ಸಿಯಾ ಹತ್ತಿರದ ನಾಕೆರಾದಲ್ಲಿ 2010ರಲ್ಲಿ ತೋಟದ ಕಸಕ್ಕೆಂದೇ ಇಂಥ ಘಟಕ ಶುರುವಾಯಿತು.

ಕೆಲಸ ನಡೆಯುವುದು ಪ್ರೆಶರ್ ಕುಕ್ಕರಿನಲ್ಲಿ ನಡೆದ ಹಾಗೆಯೇ. ಅಡುಗೆಮನೆಯ ಕುಕ್ಕರ್ 120 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಇಲ್ಲಿ ದಪ್ಪ ಉಕ್ಕಿನ ಪಾತ್ರೆಯಲ್ಲಿ ಸಿಪ್ಪೆ, ನೀರು ಎರಡನ್ನೂ 180ರಿಂದ 250 ಡಿಗ್ರಿವರೆಗೆ ಕಾಯಿಸಿ, ಕೆಲವು ಗಂಟೆ ಹಾಗೇ ಇಡುತ್ತೇವೆ. 210 ಡಿಗ್ರಿಗೆ ಒಳಗಿನ ಒತ್ತಡ ಸುಮಾರು 19 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 19 ಪಟ್ಟು. ಅಷ್ಟು ಒತ್ತಡ ಇರುವುದರಿಂದ ನೀರು ಆವಿಯಾಗಿ ಹೋಗದೆ ನೀರಾಗಿಯೇ ಉಳಿಯುತ್ತದೆ. ಆ ಬಿಸಿನೀರೇ ನಾರನ್ನು ಒಡೆಯುತ್ತದೆ. ಮೊದಲು ಹೆಮಿಸೆಲ್ಯುಲೋಸ್, ಆಮೇಲೆ ಸೆಲ್ಯುಲೋಸ್. ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಮಾತ್ರ ಅಷ್ಟು ಬೇಗ ಬಗ್ಗುವುದಿಲ್ಲ. ನಾರಿನಲ್ಲಿದ್ದ ಆಕ್ಸಿಜನ್ ನೀರಾಗಿ, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಉಳಿಯುವುದು ಕಂದು ಬಣ್ಣದ, ಇದ್ದಿಲಿನಂಥ ಹೈಡ್ರೋಚಾರ್, ಚಿಕ್ಕದಾಗಿ ಚಾರ್.

ಈ ಪಾತ್ರೆ, ಅಂದರೆ ರಿಯಾಕ್ಟರ್, ಆರಿದ ಮೇಲೆ ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವುದು ಕರಕಲು ಬೆಲ್ಲದ ವಾಸನೆ, ಜೊತೆಗೆ ಒಂದಿಷ್ಟು ಹುಳಿ. ಸಿಪ್ಪೆಯ ನಾರು ಇನ್ನೂ ನಾರಿನ ಹಾಗೆಯೇ ಕಾಣುತ್ತದೆ. ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ, ಪುಡಿಪುಡಿ. ಹಸಿ ಸಿಪ್ಪೆಯನ್ನು ಎಷ್ಟು ಹಿಂಡಿದರೂ ಅದು ನೀರು ಬಿಟ್ಟುಕೊಡುವುದಿಲ್ಲ. ಇದನ್ನು ಒತ್ತಿ ನೀರು ಸೋಸುವ ಫಿಲ್ಟರ್ ಪ್ರೆಸ್‌ಗೆ ಹಾಕಿದರೆ ನೀರು ಸಲೀಸಾಗಿ ಇಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಯಂತ್ರ ಮಾರುವವರು ಅರ್ಧ ಹೇಳಿ ಬಿಡುವುದು ಇಲ್ಲೇ. ಒಂದು ಟನ್ ಹಸಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರು ಅಂತ ಹಿಡಿಯಿರಿ. ಉಳಿದ 250 ಕಿಲೋ ಒಣ ಮಾಲಿನಲ್ಲಿ, ಕಿಲೋಗೆ 4,000ದಂತೆ, 10 ಲಕ್ಷ ಕಿಲೋಕ್ಯಾಲರಿ ಇದೆ. ಒಂದು ಕಿಲೋ ನೀರನ್ನು ಆವಿ ಮಾಡಲು 600ಕ್ಕಿಂತ ಜಾಸ್ತಿ ಕಿಲೋಕ್ಯಾಲರಿ ಬೇಕು. ಅಂದರೆ ಒಣಗಿಸಿ ಉರಿಸುವ ದಾರಿ ಹಿಡಿದರೆ ಡ್ರೈಯರಿಗೇ ಸುಮಾರು 4.6 ಲಕ್ಷ ಹೋಯಿತು, ಉಳಿದದ್ದು 5.4 ಲಕ್ಷ.

ಎಚ್‌ಟಿಸಿಯಲ್ಲಿ ಅದೇ ನೀರನ್ನು 210 ಡಿಗ್ರಿಗೆ ಕಾಯಿಸಲು ಕಿಲೋಗೆ 190 ಸಾಕು. ಕೊನೆಯಲ್ಲಿ ಚಾರ್ ಒಣಗಿಸುವ ಖರ್ಚನ್ನೂ ಸೇರಿಸಿದರೆ ಒಟ್ಟು 2 ಲಕ್ಷದ ಹತ್ತಿರ. ಚೆನ್ನಾಗಿದೆ ಅಲ್ವಾ? ಆದರೆ ತೂಕ ಇಳಿದಿದೆ. 250 ಕಿಲೋ ಹಾಕಿದರೆ ಸಿಗುವುದು 150 ಕಿಲೋ ಚಾರ್. ಅದರ ಜಿಸಿವಿ, ಅಂದರೆ ಒಂದು ಕಿಲೋ ಉರಿಸಿದರೆ ಸಿಗುವ ಶಾಖ, 5,200 ಅಂತ ಹಿಡಿದರೆ 7.8 ಲಕ್ಷ. ಖರ್ಚು ಕಳೆದರೆ 5.8 ಲಕ್ಷ. ವ್ಯತ್ಯಾಸ ಅಷ್ಟೇನಿಲ್ಲ! ಒಂದು ಬ್ಯಾಚಿನ ಬಿಸಿನೀರಿನಿಂದ ಮುಂದಿನ ಬ್ಯಾಚನ್ನು ಕಾಯಿಸಿಕೊಂಡರೆ ಮಾತ್ರ ಲಾಭ ಕಣ್ಣಿಗೆ ಕಾಣುತ್ತದೆ. ಹೀಟ್ ಎಕ್ಸ್‌ಚೇಂಜರ್ ಇಲ್ಲದ ಕೊಟೇಶನ್ ತಂದರೆ ನಾನು ಮುಂದೆ ಓದುವುದೇ ಇಲ್ಲ. ಇನ್ನು ಬಿಸಿಲಿಗೆ ಒಣಗುವ ಮಾಲನ್ನು ಸುಮ್ನೆ ಬಿಸಿಲಿಗೆ ಹರಡಿ. ಬಿಸಿಲು ಬಿಲ್ ಕಳಿಸುವುದಿಲ್ಲ.

ಹಾಗಾದರೆ ಇಷ್ಟೆಲ್ಲ ಯಾಕೆ? ಬೂದಿಯ ಕಾಟ ತಪ್ಪಿಸಲು. ಕೃಷಿ ತ್ಯಾಜ್ಯದಲ್ಲಿ ಪೊಟ್ಯಾಶಿಯಂ, ಕ್ಲೋರಿನ್ ಇರುತ್ತವೆ. ಇವು ಬೂದಿಯನ್ನು ಕರಗಿಸಿ ಬಾಯ್ಲರ್ ಒಳಗೆ ಕ್ಲಿಂಕರ್ (ಕಲ್ಲಿನಂಥ ಗಟ್ಟಿ) ಕಟ್ಟಿಸುತ್ತವೆ. ಅದನ್ನು ಸಲಾಕೆಯಲ್ಲಿ ಕುಟ್ಟಿ ತೆಗೆದ ಆಪರೇಟರನ್ನು ಕೇಳಿ, ಗೊತ್ತಾಗುತ್ತದೆ. ಎಚ್‌ಟಿಸಿಯಲ್ಲಿ ಇವೆರಡೂ ಬಹುಪಾಲು ನೀರಿಗೆ ಇಳಿಯುತ್ತವೆ. ಭತ್ತದ ಹೊಟ್ಟಿನ ಸಿಲಿಕಾ ಮಾತ್ರ ಹೆಚ್ಚುಪಾಲು ಚಾರ್‌ನಲ್ಲೇ ಕೂರುತ್ತದೆ, ಅದಕ್ಕೇ ಹೊಟ್ಟಿಗೆ ನಾನು ಈ ದಾರಿ ಹೇಳುವುದಿಲ್ಲ. ಚಾರ್ ಸುಲಭವಾಗಿ ಪುಡಿಯಾಗುವುದರಿಂದ ಕಲ್ಲಿದ್ದಲಿನ ಜೊತೆ ಅರೆದು ಉರಿಸಬಹುದು. ಮಳೆಗಾಲದ ತೇವವನ್ನೂ ಕಚ್ಚಾ ಮಾಲಿನಷ್ಟು ಹೀರುವುದಿಲ್ಲ.

ಇನ್ನು ಆ ನೀರು. ಪ್ರೆಸ್‌ನಿಂದ ಇಳಿಯುವುದು ಕಪ್ಪುಗಂದು ಬಣ್ಣದ ಹುಳಿ ನೀರು, ಪಿಎಚ್ 4ರ ಆಸುಪಾಸು. ಅಸಿಟಿಕ್ ಆಮ್ಲ, ಫರ್ಫ್ಯೂರಲ್, ಫಿನಾಲ್ ಎಲ್ಲ ಅದರಲ್ಲಿರುತ್ತವೆ. ಪೊಟ್ಯಾಶ್ ಇದೆಯಲ್ಲ, ತೋಟಕ್ಕೇ ಬಿಡೋಣ ಅನ್ನುವವರು ಸಿಗುತ್ತಾರೆ. ಬೇಡ. ಹಾಗೇ ಬಿಟ್ಟರೆ ಬೀಜ ಮೊಳೆಯುವುದಕ್ಕೂ ಕಷ್ಟ. ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಕ್ಸಿಜನ್ ಖಾಲಿಯಾಗಿ ಮೀನು ಸಾಯುತ್ತವೆ. ಇದರಲ್ಲಿ ಒಂದು ಭಾಗವನ್ನು ಮುಂದಿನ ಬ್ಯಾಚಿಗೆ ಬಳಸಬೇಕು. ಉಳಿದದ್ದನ್ನು ಬಯೋಗ್ಯಾಸ್ ಡೈಜೆಸ್ಟರಿಗೆ ಕೊಡಬೇಕು, ಅದೂ ನಿಧಾನವಾಗಿ ರೂಢಿ ಮಾಡಿಸುತ್ತಾ. ಒಮ್ಮೆಲೇ ಸುರಿದರೆ ಫಿನಾಲ್ ಏಟಿಗೆ ಒಳಗಿನ ಬ್ಯಾಕ್ಟೀರಿಯಾ ಮಲಗಿಬಿಡುತ್ತವೆ.

ಇಷ್ಟನ್ನೆಲ್ಲ ಒಬ್ಬ ಬೆಳೆಗಾರ ತನ್ನ ತೋಟದಲ್ಲಿ ಮಾಡಲಾಗದು. 20 ಬಾರ್ ಒತ್ತಡದ ಪಾತ್ರೆ ಹಿತ್ತಿಲಲ್ಲಿ ಇಡುವಂಥದ್ದೂ ಅಲ್ಲ. ಹತ್ತಾರು ಊರಿನ ಸಿಪ್ಪೆ ಒಂದೆಡೆ ಸೇರುವ ಜಾಗದಲ್ಲಿ, ಪಕ್ಕದಲ್ಲೇ ಡೈಜೆಸ್ಟರ್ ಮತ್ತು ಚಾರ್ ಕೊಳ್ಳುವ ಬಾಯ್ಲರ್ ಇದ್ದರೆ ಮಾತ್ರ ಯೋಚಿಸಿ. ಸುಲಿಯುವ ಕಾಲ ಮುಗಿದ ಮೇಲೆ ಆ ರಿಯಾಕ್ಟರಿಗೆ ಏನು ಹಾಕುತ್ತೀರಿ ಅನ್ನುವುದಕ್ಕೂ ಉತ್ತರ ಇಟ್ಟುಕೊಂಡು ಬನ್ನಿ. ಕಾಫಿ ಪಲ್ಪ್, ಸಾ ಮಿಲ್ಲಿನ ಹಸಿ ತೊಗಟೆ ಆಗಬಹುದು. ಸಾಗಣೆ ಖರ್ಚು ಮಾತ್ರ ಮೊದಲೇ ಬರೆದುಕೊಳ್ಳಿ, ಲಾರಿಯಲ್ಲಿ ಬರುವುದರಲ್ಲಿ ಮುಕ್ಕಾಲು ಪಾಲು ನೀರೇ.