ಅತ್ತೆಯ ಹಿಟ್ಟು ಬೆಂಗಳೂರಿನಲ್ಲಿ ಯಾಕೆ ಉಬ್ಬಲಿಲ್ಲ?

ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಅತ್ತೆ ಬಂದಿದ್ದರು. ಮರುದಿನವೇ ಅಡುಗೆಮನೆ ಅವರ ಕೈಗೆ ಹೋಯಿತು. ರಾತ್ರಿ ಇಡ್ಲಿಗೆ ಕಡೆದು (ನಾವು ಇಲ್ಲಿ ರುಬ್ಬುವುದು ಅಂತೀವಿ) ಮುಚ್ಚಿಟ್ಟರು. ಊರಿನಲ್ಲಾದರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳ ತಳ್ಳಿಕೊಂಡು ಹೊರಗೆ ಬಂದಿರುತ್ತದೆ. ಇಲ್ಲಿ ಇಟ್ಟ ಮಟ್ಟದಲ್ಲೇ ತೆಪ್ಪಗೆ ಕೂತಿತ್ತು. "ನಿಮ್ಮ ಬೆಂಗಳೂರಿನ ಉದ್ದೇ ಸರಿ ಇಲ್ಲ" ಎಂದು ತೀರ್ಪು ಬಂತು. ಉದ್ದು ಅವರೇ ಊರಿಂದ ತಂದದ್ದು. ನಾನು ಸುಮ್ಮನಿದ್ದೆ.

ತಪ್ಪು ಉದ್ದಿನದಲ್ಲ, ಎತ್ತರದ್ದು. ಮಂಗಳೂರು ಕಡಲಿನ ಪಕ್ಕ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬೆಟ್ಟದ ಮೇಲೆ ಇದ್ದೇವೆ ಅಂತ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಓಡಾಡುವಾಗ ಅನ್ನಿಸುವುದೇ ಇಲ್ಲ, ಅಲ್ವಾ? ಆದರೆ ಅತ್ತೆ ತಂದಿದ್ದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್‌ಗೆ ಅದು ಗೊತ್ತಾಗಿತ್ತು. ಮಂಗಳೂರಿನಲ್ಲಿ ಸೀಲ್ ಮಾಡಿದ ಆ ಪ್ಯಾಕೆಟ್ ಶಿರಾಡಿ ಘಾಟಿ ಹತ್ತಿ ಬರುವಷ್ಟರಲ್ಲಿ ಬಲೂನಿನಂತೆ ಊದಿಕೊಂಡಿತ್ತು. ನಮ್ಮ ತಲೆಯ ಮೇಲಿರುವ ಗಾಳಿಗೂ ತೂಕವಿದೆ. ಮೇಲೆ ಹೋದಷ್ಟೂ ನಮ್ಮನ್ನು ಒತ್ತುವ ಗಾಳಿ ಕಡಿಮೆ. ಬೆಂಗಳೂರಿನಲ್ಲಿ ಆ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಮ್ಮಿ. ಹೊರಗಿನ ಒತ್ತುವಿಕೆ ಸಡಿಲವಾದಾಗ ಒಳಗಿನ ಗಾಳಿ ಮೈ ಚಾಚಿಕೊಳ್ಳುತ್ತದೆ.

ಹೀಗೆ ಹಿಗ್ಗುವ ಗಾಳಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ವಾಲ್ವ್ ಹತ್ತಿರ ಬೆರಳಿಟ್ಟು ನೋಡಿ, ತಂಪು ಗೊತ್ತಾಗುತ್ತದೆ. ಕೆಳಗಿನ ನೆಲ ಕಾದು ಮೇಲೇರುವ ಗಾಳಿಗೂ ಇದೇ ಆಗುತ್ತದೆ. ಸರಾಸರಿ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಡಿಸೆಂಬರ್ ರಾತ್ರಿ ಬೆಂಗಳೂರು ಸುಮಾರು 16 ಡಿಗ್ರಿಗೆ ಇಳಿದಾಗ ಮಂಗಳೂರು 21, 22ರ ಆಸುಪಾಸಿನಲ್ಲೇ ಬೆವರುತ್ತಿರುತ್ತದೆ. (ಕಡಲಿನ ಪಾಲೂ ಇದರಲ್ಲಿ ಇದೆ. ಎಲ್ಲವನ್ನೂ ಎತ್ತರದ ತಲೆಗೆ ಕಟ್ಟಬಾರದು.) ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿಯಲ್ಲಿ. ಅವತ್ತು ಯಾರ ಮನೆಯಲ್ಲೂ ಹಿಟ್ಟು ಉಬ್ಬಿರಲಾರದು!

ಯಾಕೆಂದರೆ ಹಿಟ್ಟು ಉಬ್ಬಿಸುವುದು ಜೀವಿಗಳ ಕೆಲಸ. ಅವನ್ನು ನಾವು ಹೆಪ್ಪಿನ ಹಾಗೆ ಹೊರಗಿನಿಂದ ಹಾಕುವುದಿಲ್ಲ. ಉದ್ದು, ಅಕ್ಕಿಯ ಮೈಗೆ ಅಂಟಿಕೊಂಡೇ ಬಂದಿರುತ್ತವೆ. ಅವುಗಳಲ್ಲಿ ಮುಖ್ಯವಾದ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹೆಸರು ಉದ್ದ, ಕೆಲಸ ಸರಳ: ಸಕ್ಕರೆ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಆ ಅನಿಲವನ್ನು ಓಡಿಹೋಗದಂತೆ ಹಿಡಿದಿಡುವುದು ಉದ್ದಿನ ಲೋಳೆ. ಬರೀ ಅಕ್ಕಿ ಹಿಟ್ಟು ಹುಳಿ ಬಂದರೂ ಹೀಗೆ ಉಬ್ಬುವುದಿಲ್ಲ, ಗುಳ್ಳೆಗಳು ಒಡೆದು ಹೋಗುತ್ತವೆ. ಈ ಬ್ಯಾಕ್ಟೀರಿಯಾಕ್ಕೆ 30 ಡಿಗ್ರಿ ಆಸುಪಾಸು ಹಬ್ಬ. ಚಳಿಯಲ್ಲಿ ಅದು ಸಾಯುವುದಿಲ್ಲ, ಸೋಮಾರಿಯಾಗುತ್ತದೆ. ಅತ್ತೆಯ ಹಿಟ್ಟೂ ಮಧ್ಯಾಹ್ನದ ಹೊತ್ತಿಗೆ ಉಬ್ಬಿತು. ಅಷ್ಟರಲ್ಲಿ ನಾವು ಉಪ್ಪಿಟ್ಟು ತಿಂದಾಗಿತ್ತು.

ಮಾರನೇ ರಾತ್ರಿ ಅವರು ಪಾತ್ರೆಗೆ ಕಂಬಳಿ ಸುತ್ತಿದರು. ಪೂರ್ತಿ ಪ್ರಯೋಜನ ಆಗಲಿಲ್ಲ. ಕಂಬಳಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ ಅಷ್ಟೇ. ತಣ್ಣೀರು ಹಾಕಿ ರುಬ್ಬಿದ ಹಿಟ್ಟಿಗೆ ಕಂಬಳಿ ಸುತ್ತಿದರೆ ಅದು ತಂಪನ್ನೇ ಕಾಯುತ್ತದೆ. ಮೂರನೇ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಆಮೇಲೆ ಕಂಬಳಿ ಸುತ್ತಿದೆವು. ಬೆಳಗ್ಗೆ ಕಟ್ಟೆಯೆಲ್ಲಾ ಹಿಟ್ಟು.

ಅತ್ತೆಯ ಇನ್ನೊಂದು ದೂರು ಬೇಳೆಯದು. ಮನೆಯ ಕುಕ್ಕರ್ ರಿಪೇರಿಗೆ ಹೋಗಿತ್ತು, ತೊಗರಿಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿದರು. ಎಷ್ಟು ಹೊತ್ತಾದರೂ ಕಾಳು ಕಾಳು. ಇದಕ್ಕೂ ಅದೇ ಕಾರಣ. ಮೇಲಿನ ಒತ್ತಡ ಕಡಿಮೆ ಇದ್ದರೆ ನೀರು ಬೇಗ ಆವಿಯಾಗಿ ಎದ್ದು ಹೋಗುತ್ತದೆ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟೇ ಜಾಸ್ತಿ ಮಾಡಿ, ಅದರ ಮೇಲೆ ಏರುವುದಿಲ್ಲ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು 88ರ ಹತ್ತಿರ. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದು ತಪಸ್ಸು. ಕುಕ್ಕರ್ ತನ್ನದೇ ಒತ್ತಡ ಕಟ್ಟಿಕೊಂಡು ನೀರನ್ನು 120 ಡಿಗ್ರಿ ಹತ್ತಿರಕ್ಕೆ ಒಯ್ಯುತ್ತದೆ, ಆಗ ಊರಿನ ಎತ್ತರ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಇಡ್ಲಿಗೂ ಈ ಮೂರು ಡಿಗ್ರಿಯ ಚಿಂತೆ ಇಲ್ಲ. ಅಕ್ಕಿಯ ಪಿಷ್ಟ 97ಕ್ಕಿಂತ ಎಷ್ಟೋ ಕೆಳಗೇ ಬೇಯುತ್ತದೆ. ಫಿಲ್ಟರ್ ಕಾಫಿಗಂತೂ ಇದು ಲಾಭವೇ. ಡಿಕಾಕ್ಷನ್ ಚೆನ್ನಾಗಿ ಇಳಿಯಲು 90ರಿಂದ 96 ಡಿಗ್ರಿ ಬೇಕು ಅಂತಾರೆ. ಒಲೆಯಿಂದ ಇಳಿಸಿ ಫಿಲ್ಟರಿಗೆ ಸುರಿಯುವಷ್ಟರಲ್ಲಿ ನಮ್ಮ ನೀರು ಅಲ್ಲಿಗೇ ಬಂದಿರುತ್ತದೆ.

ಆ ನೀರಿಗೂ ಎತ್ತರದ ಸಾಲವಿದೆ. ನಮ್ಮ ನಲ್ಲಿಯ ಕಾವೇರಿ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ, ಮೂರು ಕಡೆ ಪಂಪ್ ಆಗುತ್ತಾ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಸಾವಿರ ಲೀಟರ್ ಅಷ್ಟು ಮೇಲೆತ್ತಲು ಒಂದು ಹನಿ ಶಕ್ತಿಯೂ ಪೋಲಾಗದಿದ್ದರೂ 1.36 ಯೂನಿಟ್ ಕರೆಂಟ್ ಬೇಕು. ಪೈಪಿನ ಉಜ್ಜಾಟ, ಮೋಟಾರಿನ ನಷ್ಟ ಸೇರಿದರೆ ಇನ್ನೂ ಜಾಸ್ತಿ. ತಂಪು ಹವೆ ನಮಗೆ ಬಿಟ್ಟಿ ಸಿಕ್ಕಿದೆ, ನೀರು ಬಿಟ್ಟಿಯಲ್ಲ.

ಅತ್ತೆ ರಾತ್ರಿ ಬಸ್ಸಿಗೆ ಹೊರಟರು. ಬಸ್ಸು ಬಿಡುವ ಮೊದಲೇ ಬಾಟಲಿಯಲ್ಲಿ ಅರ್ಧ ನೀರು ಕುಡಿದು, ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲಕ್ಕೆ ಹಾಕಿಕೊಂಡರು. ಬೆಳಗ್ಗೆ ಮನೆ ಮುಟ್ಟಿದ ಕೂಡಲೇ ಫೋನು.

"ಈ ಬಾಟ್ಲಿ ಎಂತಕ್ಕೆ ಹೀಗೆ ಒಳಗೆ ಹೋಗಿದೆ ಮಾರಾಯ್ತಿ? ಇದರ ಮೇಲೆ ಯಾರೂ ಕೂತಿಲ್ಲ."